ದಯವಿಟ್ಟು ಅನ್ಯಥಾ ಭಾವಿಸಬೇಡಿ

ನಮ್ಮ ಬೀದಿಯಲ್ಲಿ ಜಗಳ ಆಗುವುದನ್ನು ನಾನು ಕಣ್ಣಾರೆ ಕಂಡಿಲ್ಲ, ಓದಿದ್ದೇನೆ. ಬಾಗಿಲಿನ ಟಪಾಲು ಕಿಂಡಿಯಿಂದ ಮಡಿಚಿದ ಚೀಟಿಯೊಂದು ಒಳಗೆ ಬಿತ್ತು ಅಂದರೆ ಯುದ್ಧ ಘೋಷಣೆ ಆಯಿತು ಅಂತಲೇ ಲೆಕ್ಕ. ಒಕ್ಕಣೆಯಲ್ಲಿ ಮಾತ್ರ ಮದುವೆ ಕರೆಯೋಲೆಗೆ ಇರುವಷ್ಟು ವಿನಯ. 'ತಮಗೆ ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ. ಇದು ತಮ್ಮ ಗಮನಕ್ಕೆ ಬಂದಿರಲಾರದು' ಎಂದು ಶುರುವಾದರೆ ಬರೆದವರು ಸಿಟ್ಟಿನಿಂದ ನಿದ್ದೆಗೆಟ್ಟಿದ್ದಾರೆ ಎಂದು ತಿಳಿಯಬೇಕು. 'ಪ್ರೀತಿಯ ನೆರೆಯವರೇ' ಅಂತಿದ್ದರೆ ವಕೀಲರನ್ನು ಕೇಳಿ ಆಗಿದೆ.

ನಾವಿರುವುದು ಲಂಡನ್ನಿನ ವಾಯವ್ಯ ಅಂಚಿನಲ್ಲಿ, ಪಿನ್ನರ್ ಹತ್ತಿರ. ಮೆಟ್ರೊಪಾಲಿಟನ್ ರೈಲು ಪಿನ್ನರಿಗೆ ಬಂದದ್ದು 1885ರಲ್ಲಿ. ರೈಲಿನವರು ಬುದ್ಧಿವಂತರು. ಹಳಿಯ ಅಕ್ಕಪಕ್ಕದ ಹೊಲ ತೋಪುಗಳಿಗೆಲ್ಲ 1915ರಲ್ಲಿ 'ಮೆಟ್ರೊ-ಲ್ಯಾಂಡ್' ಎಂದು ನಾಮಕರಣ ಮಾಡಿ, ಹಳ್ಳಿಯ ಗಾಳಿ, ಪೇಟೆಯ ಸಂಬಳ, ಎರಡರ ನಡುವೆ ನಮ್ಮ ಟಿಕೆಟ್ಟು ಎಂದು ಗುಮಾಸ್ತರಿಗೆಲ್ಲ ಆಸೆ ಹುಟ್ಟಿಸಿದರು. ಆಮೇಲೆ ಎದ್ದ ಮನೆಗಳಲ್ಲಿ ನಮ್ಮದೂ ಒಂದು, 1930ರ ದಶಕದ್ದು. ಒಂದೇ ಗೋಡೆಗೆ ಆಚೆ ಒಂದು ಈಚೆ ಒಂದು ಸಂಸಾರ. ಮುಂದುಗಡೆ ಹೊಟ್ಟೆ ಬಂದ ಕಿಟಕಿ. ಅದರ ಮೇಲೆ, ಎಂಟನೇ ಹೆನ್ರಿಯ ಕಾಲದಿಂದಲೂ ಇಲ್ಲೇ ಇದ್ದೇವೆ ಅನ್ನಿಸಲು, ಕಪ್ಪು ಬಣ್ಣ ಬಳಿದ ಮರದ ಪಟ್ಟಿಗಳು. ಅವು ಯಾವ ಭಾರವನ್ನೂ ಹೊರುವುದಿಲ್ಲ. ಗಂಭೀರವಾಗಿ ನಿಂತಿರುವುದಷ್ಟೇ ಅವುಗಳ ಕೆಲಸ. ನಮ್ಮ ಬೀದಿಯವರದ್ದೂ ಹೆಚ್ಚುಕಡಿಮೆ ಅದೇ.

ಗೋಡೆಯಾಚೆ ಒಬ್ಬ ನಿವೃತ್ತ ಮಹನೀಯರು. ನಮ್ಮ ಕುಕ್ಕರ್ ಎಷ್ಟು ಕೂಗು ಕೂಗಿತು ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಸಾಂಬಾರಿನ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದ ಕೂಡಲೇ ನಮ್ಮ ಹೊಗೆ ಅಲಾರಂ ಬಡಿದುಕೊಳ್ಳುತ್ತದೆ, ನನ್ನ ಹೆಂಡತಿ ಟವೆಲ್ ಹಿಡಿದು ಚಾವಣಿಗೆ ಚಾಮರ ಬೀಸುತ್ತಾಳೆ, ಗೋಡೆಯಾಚೆ ಟೀವಿಯ ದನಿ ಮೆಲ್ಲಗೆ ಏರುತ್ತದೆ. ಎದುರಾದಾಗ ಅವರು ಆಡುವುದು ಹವಾಮಾನದ ಮಾತು ಮಾತ್ರ.

ಈ ಏರ್ಪಾಟು ಸುಗಮವಾಗಿ ಸಾಗುತ್ತಿತ್ತು. ಆಗ ತಿಪಟೂರಿನಿಂದ ಅಪ್ಪ ಬಂದರು.

ಅಪ್ಪ ನಿವೃತ್ತ ಹೆಡ್‌ಮಾಸ್ಟರು. ಪ್ರವಾಸಿ ವೀಸಾದಲ್ಲಿ ಆರು ತಿಂಗಳವರೆಗೆ ಇರಬಹುದು. ಆರು ತಿಂಗಳು ಸುಮ್ಮನಿರಬೇಕು ಎಂದು ಅದರಲ್ಲಿ ಬರೆದಿರುವುದಿಲ್ಲ. ಬಂದ ಮಾರನೇ ದಿನವೇ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೋಗಿ ಮನೆಯ ಮುಂದೆ ಹಾಕಿಕೊಂಡು ಎಳೆಬಿಸಿಲಿಗೆ ಕೂತರು. ನೋಡಿ, ಇಲ್ಲಿ ಎಲ್ಲರ ಮನೆಗೂ ಮುಂದೊಂದು ತೋಟ, ಹಿಂದೊಂದು ತೋಟ. ಕೂರುವುದು ಹಿಂದೆ ಮಾತ್ರ. ಮುಂದಿನದನ್ನು ಬೀದಿಯವರು ನೋಡಲಿ ಎಂದು ಬೆಳೆಸಬೇಕು, ಅಲ್ಲಿಂದ ಬೀದಿಯನ್ನು ನೋಡಬಾರದು. ಯಾರಾದರೂ ಮುಂದೆ ಕೂತಿದ್ದಾರೆ ಅಂದರೆ ಬೀಗದ ಕೈ ಒಳಗೆ ಮರೆತಿದ್ದಾರೆ ಎಂದೇ ಅರ್ಥ.

ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು ನಿಂತು, ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಎಂಥ ಸಜ್ಜನರು ಎಂದು ಅಪ್ಪನಿಗೆ ಸಂತೋಷ. ಕ್ಷೇಮ ಎಂದು ಹೇಳಿ, ತಾವು ಎಲ್ಲಿಗೆ ಹೊರಟಿರಿ, ಮಕ್ಕಳೆಷ್ಟು ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬಾಕೆ ಬಂದು ಬೀಗ ತೆಗೆಯುವವನ ಫೋನ್ ನಂಬರ್ ಕೊಟ್ಟು ಹೋದರು. ಮತ್ತೊಬ್ಬರು ಕುಡಿಯಲು ನೀರು ತಂದರು. ಸಂಜೆ ನಾನು ಬರುವಷ್ಟರಲ್ಲಿ ಅಪ್ಪ ಇಡೀ ಬೀದಿಯ ವಂಶಾವಳಿ ಒಪ್ಪಿಸಿದರು. "ನೀನು ಹೇಳ್ದ ಹಾಗೇನಿಲ್ಲ ಕಣೋ, ಭಾಳ ಮಾತಾಡ್ತಾರೆ ಪಾಪ. ಕೇಳೋರಿಲ್ಲ ಅಷ್ಟೆ."

ದೀಪದ ಕಂಬದ ಮೇಲೆ 'ನೆರೆಹೊರೆ ಕಾವಲು' ಎಂಬ ಫಲಕ ಇದೆ. 1982ರಲ್ಲಿ ಚೆಷೈರ್ ಕಡೆಯ ಮೊಲಿಂಗ್ಟನ್ ಎಂಬ ಹಳ್ಳಿಯಲ್ಲಿ ಶುರುವಾದ ಪದ್ಧತಿ ಅದು. ಈಗ ಊರೂರಲ್ಲೂ ಇದೆ. ನಮ್ಮ ಬೀದಿಯಲ್ಲಿ ಕಾವಲು ಪರದೆಯ ಹಿಂದಿನಿಂದ. ಅಪ್ಪ ಪರದೆ ಇಲ್ಲದೆ ಕಾಯುತ್ತಿದ್ದರು, ವ್ಯತ್ಯಾಸ ಅಷ್ಟೆ.

ಇನ್ನು ಬೇಲಿಯ ವಿಷಯ. 2022ರ ಫೆಬ್ರವರಿ 18ರಂದು ಯೂನಿಸ್ ಎಂಬ ಬಿರುಗಾಳಿ ಬೀಸಿತು. ಅದು ನಮ್ಮ ಹಿತ್ತಲಿನ ಮರದ ಬೇಲಿಯಲ್ಲಿ ಒಂದು ಹಲಗೆಯನ್ನು ಅಂಗಾತ ಮಲಗಿಸಿತು. ಬೇಲಿ ಯಾರದ್ದು? ಎಡಗಡೆಯದ್ದು ನಮ್ಮದು, ಬಲಗಡೆಯದ್ದು ಅವರದ್ದು ಎಂದು ಇಲ್ಲಿ ಎಲ್ಲರೂ ನಂಬಿದ್ದಾರೆ. ಅಂಥ ಕಾನೂನೇ ಇಲ್ಲ. ಮನೆಯ ಕ್ರಯಪತ್ರದ ನಕ್ಷೆಯಲ್ಲಿ ಗಡಿಗೆರೆಗೆ ಅಂಟಿಕೊಂಡು 'ಟಿ' ಗುರುತು ಯಾರ ಕಡೆಗಿದೆಯೋ ನೋಡಬೇಕು. ನಮ್ಮ ನಕ್ಷೆಯಲ್ಲಿ ಯಾವ ಕಡೆಗೂ ಇರಲಿಲ್ಲ. ಹೀಗಾಗಿ ಆ ಕಡೆಯವರೂ ನಾವೂ, ನೀವು ಹಾಕಿಸಿದರೆ ನಮ್ಮ ಅಭ್ಯಂತರವಿಲ್ಲ ಎಂಬ ಸೌಜನ್ಯದಲ್ಲಿ ತಿಂಗಳುಗಟ್ಟಲೆ ಕಳೆದೆವು. ಅಪ್ಪ ಬಂದವರು ಆ ಕಿಂಡಿಯನ್ನು ಬಾಗಿಲು ಮಾಡಿಕೊಂಡರು. ನಮ್ಮ ಕೊತ್ತಂಬರಿ ಸೊಪ್ಪು ಆಚೆ ಹೋಯಿತು. ಆಚೆಯಿಂದ ಹುರುಳಿಕಾಯಿಯ ಜಾತಿಯ ಉದ್ದುದ್ದ ಕಾಯಿ ಬಂತು, ಬರುತ್ತಲೇ ಇತ್ತು. ಆ ಬೇಸಿಗೆ ನಾವು ತಿಂದ ಪಲ್ಯ ದೇವರಿಗೇ ಪ್ರೀತಿ.

ಅದೇ ಮನೆಯವರು ಹಿಂದೊಮ್ಮೆ ನಮ್ಮ ಸೇಬಿನ ಮರದ ಬಗ್ಗೆ ಚೀಟಿ ಹಾಕಿದ್ದರು. ಪಕ್ಕದವರ ಕೊಂಬೆ ನಮ್ಮ ಗಡಿ ದಾಟಿದರೆ ಗಡಿಯವರೆಗೆ ಕತ್ತರಿಸಬಹುದು, ಆದರೆ ಕತ್ತರಿಸಿದ ಕೊಂಬೆಯೂ ಅದರ ಹಣ್ಣೂ ಮರದ ಯಜಮಾನನ ಸೊತ್ತು. ಆದ್ದರಿಂದ ಕೊಂಬೆಗಳನ್ನು ಕತ್ತರಿಸಿ, ದಾರದಲ್ಲಿ ಕಟ್ಟಿಟ್ಟಿದ್ದೇವೆ, ತಮಗೆ ಬೇಕಿದ್ದರೆ ತಿಳಿಸಿ ಎಂದು ಬರೆದಿದ್ದರು. ಪಕ್ಕದ ಕಾಂಪೌಂಡಿಗೆ ಬಿದ್ದ ತೆಂಗಿನಕಾಯಿಗಾಗಿ ಮೂರು ತಲೆಮಾರು ಮಾತು ಬಿಟ್ಟ ಮನೆಗಳನ್ನು ಕಂಡ ಅಪ್ಪನಿಗೆ ಆ ಚೀಟಿ ಓದಿ ಕಣ್ಣು ತುಂಬಿತು. ಆಮೇಲೆ ಕೆಂಪು ಪೆನ್ನು ತೆಗೆದು ಅದರಲ್ಲಿದ್ದ ಒಂದು ಕಾಗುಣಿತದ ತಪ್ಪು ತಿದ್ದಿ, ಹತ್ತಕ್ಕೆ ಎಂಟು ಅಂಕ ಕೊಟ್ಟರು.

ಬೇಲಿಗಿಡದ ಕಾನೂನು ಇದಕ್ಕಿಂತ ಚೆಂದ. ಎಲೆ ಉದುರದ ಗಿಡಗಳ ಸಾಲು ಎರಡು ಮೀಟರಿಗಿಂತ ಎತ್ತರ ಬೆಳೆದು ಬೆಳಕಿಗೆ ಅಡ್ಡ ನಿಂತರೆ 2003ರ ಕಾಯಿದೆಯ ಪ್ರಕಾರ ಕೌನ್ಸಿಲ್ಲಿಗೆ ದೂರು ಕೊಡಬಹುದು. ಒಂದು ಷರತ್ತು: ಮೊದಲು ನೆರೆಯವರೊಂದಿಗೆ ನೀವೇ ಬಗೆಹರಿಸಿಕೊಳ್ಳಲು ನೋಡಿರಬೇಕು. ಅಂದರೆ ಹೋಗಿ ಮಾತಾಡಬೇಕು! ನಮ್ಮ ಬೀದಿಯ ಸೈಪ್ರೆಸ್ ಗಿಡಗಳು ಮಹಡಿ ಮುಟ್ಟಿರುವುದು ಈ ಷರತ್ತಿನಿಂದ.

ಒಂದು ಭಾನುವಾರ ಅಪ್ಪನನ್ನು ಪಿನ್ನರ್ ಚರ್ಚಿನ ಅಂಗಳಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಲೌಡನ್ ಎಂಬ ತೋಟಗಾರಿಕೆಯ ಪಂಡಿತ ತನ್ನ ತಂದೆತಾಯಿಗೆ ಕಟ್ಟಿಸಿದ ಸ್ಮಾರಕ ಇದೆ. ಎತ್ತರದ ಚೂಪು ಕಲ್ಲುಕಟ್ಟಡ, ಅದರ ನಡುಮಟ್ಟದಲ್ಲಿ ಕಲ್ಲಿನ ಶವಪೆಟ್ಟಿಗೆಯೊಂದು ಹೊರಕ್ಕೆ ಚಾಚಿಕೊಂಡಿದೆ. ದೇಹ ಭೂಮಿಯ ಮೇಲಿರುವವರೆಗೂ ಆಸ್ತಿ ಮನೆತನದಲ್ಲೇ ಉಳಿಯುತ್ತದೆ ಎಂಬ ಉಯಿಲಿತ್ತಂತೆ, ಊರಿನ ಕತೆ. ಪಟ್ಟಣದಂಚಿನ ಮನೆಗಳಿಗೆ ತೋಟ ಹೇಗಿರಬೇಕು ಎಂದು 1838ರಲ್ಲೇ ದೊಡ್ಡ ಗ್ರಂಥ ಬರೆದವನು ಈ ಮಗ. ಅಪ್ಪ ಸುತ್ತು ಹಾಕಿ ನೋಡಿ ಕೇಳಿದರು: "ಇದು ಪಕ್ಕದ ಸಮಾಧಿಯವರ ಕಡೆ ಚಾಚಿದೆಯಲ್ಲೋ, ಅವರು ಚೀಟಿ ಹಾಕ್ಲಿಲ್ವೆ?"

ನರಿಗಳ ಮಾತು ಬಿಟ್ಟರೆ ಅವು ಬೇಸರ ಮಾಡಿಕೊಂಡಾವು. ಇಲ್ಲಿನ ದೊಡ್ಡ ಹಿತ್ತಲುಗಳೆಂದರೆ ಅವಕ್ಕೆ ಬಲು ಇಷ್ಟ. ಅಪ್ಪ ಬಾಗಿಲಾಚೆ ಬಿಟ್ಟಿದ್ದ ತೊಗಲಿನ ಚಪ್ಪಲಿಯಲ್ಲಿ ಒಂದನ್ನು ರಾತ್ರಿ ಕಚ್ಚಿಕೊಂಡು ಹೋಯಿತು. ಬೆಳಿಗ್ಗೆ ನೋಡಿದರೆ ನಾಲ್ಕು ಮನೆ ಆಚೆ ಮೋಟುಗೋಡೆಯ ಮೇಲೆ ಅದನ್ನು ನೀಟಾಗಿ ಇಟ್ಟಿದ್ದರು. ದಾರಿಯಲ್ಲಿ ಒಂಟಿ ಕೈಗವಸು ಸಿಕ್ಕರೆ ಕಂಬಿಗೆ ಸಿಕ್ಕಿಸಿ ಹೋಗುವುದು ಇಲ್ಲಿನ ಸಂಪ್ರದಾಯ. ಸರಿ, ಆದರೆ ಉಂಗುಷ್ಠದ ಚಪ್ಪಲಿ ಹಾಕುವ ಮನೆ ಈ ಬೀದಿಗೆ ಒಂದೇ ಎಂದು ಅವರಿಗೆ ಗೊತ್ತಿಲ್ಲವೇ? ಗೊತ್ತು. ತಂದುಕೊಟ್ಟರೆ ಬೆಲ್ ಒತ್ತಬೇಕಲ್ಲ.

ಕಡೆಗೆ ಕಸದ ಡಬ್ಬ. ಒಂದು ವಾರ ಒಂದು ಬಣ್ಣದ್ದು, ಮರುವಾರ ಇನ್ನೊಂದು ಬಣ್ಣದ್ದು. ನಡುವೆ ಸೋಮವಾರದ ಸರ್ಕಾರಿ ರಜೆ ಬಂದರೆ ದಿನವೂ ಸರಿಯುತ್ತದೆ. ವೇಳಾಪಟ್ಟಿ ಎಲ್ಲರ ಫ್ರಿಜ್ಜಿನ ಮೇಲೂ ಅಂಟಿದೆ. ಯಾರೂ ನೋಡುವುದಿಲ್ಲ. ಹಿಂದಿನ ಸಂಜೆ ಪರದೆ ಸರಿಸಿ, ಮೊದಲು ಇಟ್ಟವರ ಡಬ್ಬದ ಬಣ್ಣ ನೋಡಿ ತಮ್ಮದನ್ನು ಇಡುತ್ತಾರೆ.

ಆಗಸ್ಟ್ ಕೊನೆಯ ರಜೆಯ ವಾರ ಅಪ್ಪ, ಕೂತು ಬೇಜಾರಾಯಿತೆಂದು, ಮಧ್ಯಾಹ್ನವೇ ಒಂದು ಡಬ್ಬ ಉರುಳಿಸಿಕೊಂಡು ಹೋಗಿ ಗೇಟಿನ ಹತ್ತಿರ ನಿಲ್ಲಿಸಿದರು. ಬಣ್ಣವೂ ತಪ್ಪು, ದಿನವೂ ತಪ್ಪು. ಆದರೆ ನಿಲ್ಲಿಸಿದ ಠೀವಿ ಹೆಡ್‌ಮಾಸ್ಟರದ್ದು. ಎದುರು ಮನೆಯ ಪರದೆ ಅಲುಗಿತು, ಅವರ ಡಬ್ಬ ಬಂತು. ಆಮೇಲೆ ಅದರ ಪಕ್ಕದ್ದು. ಕತ್ತಲಾಗುವ ಹೊತ್ತಿಗೆ ಬೀದಿಯ ಎರಡೂ ಬದಿಗೆ ಒಂದೇ ಬಣ್ಣದ ಸಾಲು.

ಬೆಳಿಗ್ಗೆ ಲಾರಿ ಬರಲಿಲ್ಲ. ಮಧ್ಯಾಹ್ನವೂ ಇಲ್ಲ. ರಾತ್ರಿ ಲೈಟು ಹಾಕದೆ ಒಬ್ಬೊಬ್ಬರಾಗಿ ಹೊರಬಂದು, ಒಬ್ಬರ ಮುಖ ಒಬ್ಬರು ನೋಡದೆ, ಗಾಲಿ ಸದ್ದಾಗದಂತೆ ಡಬ್ಬಗಳನ್ನು ಒಳಗೆ ಎಳೆದುಕೊಂಡರು. ಕಿಟಕಿಯಲ್ಲಿ ನಿಂತು ಕೊನೆಯವರೆಗೂ ನೋಡಿದ ಅಪ್ಪ ಸೊಸೆಯ ಕಡೆ ತಿರುಗಿ ಹೇಳಿದರು: "ಮೂವತ್ತು ವರ್ಷ ಪರೀಕ್ಷೆ ಕೋಣೇಲಿ ನಿಂತಿದ್ದೀನಮ್ಮ. ಕಾಪಿ ಹೊಡೆಯೋರ್ನ ಕಂಡಿದ್ದೀನಿ. ಆದರೆ ಹೆಸರು ಸಮೇತ ಕಾಪಿ ಹೊಡೆಯೋ ಕ್ಲಾಸು ಇದೇ ಮೊದಲು."