ಒಡಂಬಡಿಕೆಯ ಅನುಬಂಧ ಬರೆಯುವವರು ಯಾರು?

ನಾನಿರುವ ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್‌ನ ಪಾಠಗಳು ಅಕ್ಟೋಬರ್ ಮಧ್ಯದಲ್ಲಿ ಶುರುವಾಗಿ ಫೆಬ್ರವರಿಯಲ್ಲಿ ಮುಗಿಯುತ್ತವೆ. ಪರೀಕ್ಷೆ ಅದರ ಬೆನ್ನಿಗೆ. ಬೇಸಿಗೆ ಸೆಮಿಸ್ಟರ್ ಏಪ್ರಿಲ್ ಮಧ್ಯದಿಂದ ಜುಲೈ ಮಧ್ಯದವರೆಗೆ. ಕರ್ನಾಟಕದ ವೇಳಾಪಟ್ಟಿಯಲ್ಲಿ ಬೆಸ ಸೆಮಿಸ್ಟರ್ ಡಿಸೆಂಬರ್ ಹೊತ್ತಿಗೆ ಮುಗಿದು, ಹೊಸ ವರ್ಷಕ್ಕೆ ಸಮ ಸೆಮಿಸ್ಟರ್ ಹಿಡಿದುಕೊಳ್ಳಬೇಕು. ಅಲ್ಲಿಂದ ಒಂದು ಸೆಮಿಸ್ಟರ್ ಓದಲು ಬಂದ ವಿದ್ಯಾರ್ಥಿ ಇಲ್ಲಿ ಕೊನೆಯ ಪರೀಕ್ಷೆಗೆ ಕೂತಿರುವಾಗ, ಅವನ ಸಹಪಾಠಿಗಳು ಊರಿನಲ್ಲಿ ಮುಂದಿನ ಸೆಮಿಸ್ಟರ್‌ನ ಮೊದಲ ಇಂಟರ್ನಲ್ಸ್ ಬರೆದು ಮುಗಿಸಿರುತ್ತಾರೆ. ಶೇ. 75ರ ಹಾಜರಾತಿ ಲೆಕ್ಕ ಆಗಲೇ ಓಡುತ್ತಿರುತ್ತದೆ. ವಿದೇಶಿ ವಿಶ್ವವಿದ್ಯಾಲಯಗಳ ಜೊತೆಗಿನ ಸಹಯೋಗ ನಮ್ಮಲ್ಲಿ ಕುಂಟುವುದು ದುಡ್ಡಿನ ಕೊರತೆಯಿಂದ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮೊದಲು ಕಾಲು ಹಿಡಿದೆಳೆಯುವುದು ಈ ಕ್ಯಾಲೆಂಡರ್.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಸ್ವೀಡನ್‌ನ ಶರತ್ಕಾಲದ ಅವಧಿ ಆಗಸ್ಟ್ ಕೊನೆಗೆ ಶುರುವಾಗಿ ಜನವರಿ ಮಧ್ಯಕ್ಕೆ ಮುಗಿಯುತ್ತದೆ, ನಮ್ಮ ಬೆಸ ಸೆಮಿಸ್ಟರ್‌ಗೆ ಅದು ಹೆಚ್ಚು ಹೊಂದುತ್ತದೆ. ಜರ್ಮನಿಯೇ ಬೇಕೆಂದರೆ ಎಂಎಸ್ಸಿಯ ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟನ್ನು ಕಳಿಸಬಹುದು. ಪ್ರಯೋಗಾಲಯದ ಕೆಲಸಕ್ಕೆ ಪಾಠದ ವೇಳಾಪಟ್ಟಿ ಅಡ್ಡ ಬರುವುದಿಲ್ಲ, ಅಂಕ ಕೊಡುವವರೂ ಒಬ್ಬರೇ. ಅಲ್ಲಿಂದ ಇಲ್ಲಿಗೆ ಬರುವುದಕ್ಕಿಂತ ಇಲ್ಲಿಂದ ಅಲ್ಲಿಗೆ ಹೋಗುವವರಿಗೆ ಇನ್ನೂ ಅನುಕೂಲವಿದೆ. ಜುಲೈ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಜರ್ಮನ್ ವಿದ್ಯಾರ್ಥಿಗೆ ತರಗತಿ ಇರುವುದಿಲ್ಲ, ನಮ್ಮಲ್ಲಿ ಆಗ ಪಾಠ ಭರದಿಂದ ಸಾಗಿರುತ್ತದೆ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಐದಾರು ವಾರದ ಕ್ಷೇತ್ರಾಧ್ಯಯನದ ಕೋರ್ಸ್ ಇಟ್ಟರೆ ಎರಡೂ ಕಡೆಯವರು ಒಂದೇ ಬೆಂಚಿನಲ್ಲಿ ಕೂರಬಹುದು. ಆದರೆ ಒಡಂಬಡಿಕೆಗೆ ಸಹಿ ಹಾಕುವ ಮುನ್ನ ಎರಡು ಕ್ಯಾಲೆಂಡರ್‌ಗಳನ್ನು ಪಕ್ಕ ಪಕ್ಕ ಇಟ್ಟು ನೋಡುವ ಕೆಲಸ ಯಾರದು ಎಂದು ಕೇಳಿದರೆ ನಮ್ಮ ಕಡೆ ಉತ್ತರ ಸಿಗುವುದು ಕಷ್ಟ.

ಯೂರೋಪಿನಲ್ಲಿ ಈ ಕೆಲಸ ಕೆಳಗಿನಿಂದ ಶುರುವಾಗುತ್ತದೆ. 1987ರಲ್ಲಿ ಆರಂಭವಾದ, ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಯೋಜನೆಯಲ್ಲಿ ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದವಾಗುವುದು ವಿಷಯವಾರು: ಯಾವ ವಿಷಯ, ಯಾವ ಹಂತ, ವರ್ಷಕ್ಕೆ ಎಷ್ಟು ಮಂದಿ, ಎಷ್ಟು ತಿಂಗಳು, ಯಾವ ಭಾಷೆಯಲ್ಲಿ ಪಾಠ, ಆ ಭಾಷೆ ಎಷ್ಟು ಬರಬೇಕು. ಸಾಮಾನ್ಯವಾಗಿ ವಿಭಾಗದ ಅಧ್ಯಾಪಕರೊಬ್ಬರು ಸಂಯೋಜಕರಾಗಿರುತ್ತಾರೆ, ಅಂತರರಾಷ್ಟ್ರೀಯ ಕಚೇರಿ ಕಾಗದಪತ್ರ ನೋಡಿಕೊಳ್ಳುತ್ತದೆ. ವಿದ್ಯಾರ್ಥಿ ಹೊರಡುವ ಮುನ್ನ ಕಲಿಕಾ ಒಪ್ಪಂದಕ್ಕೆ ಮೂವರು ಸಹಿ ಹಾಕಬೇಕು: ವಿದ್ಯಾರ್ಥಿ, ಕಳಿಸುವವರು, ಕರೆಸಿಕೊಳ್ಳುವವರು. ಹೊರಗೆ ಓದುವ ಕೋರ್ಸ್ ತನ್ನ ವಿಶ್ವವಿದ್ಯಾಲಯದಲ್ಲಿ ಯಾವುದಕ್ಕೆ ಸಮ ಎಂಬುದು ಅದರಲ್ಲೇ ತೀರ್ಮಾನವಾಗಿರುತ್ತದೆ. ಫಲಿತಾಂಶ ಬಂದ ಐದು ವಾರದೊಳಗೆ ಅಂಕಪಟ್ಟಿ ಕಳಿಸಬೇಕು, ಒಪ್ಪಿಕೊಂಡ ಕ್ರೆಡಿಟ್‌ಗಳನ್ನು ಮರುಪರೀಕ್ಷೆಯಿಲ್ಲದೆ ಮಾನ್ಯ ಮಾಡಬೇಕು.

ನಮ್ಮಲ್ಲಿ ಕಡತ ಮೇಲಿನಿಂದ ಇಳಿಯುತ್ತದೆ. ಕುಲಪತಿಗಳು ನಿಯೋಗದ ಜೊತೆ ಹೋಗುತ್ತಾರೆ, ಎರಡು ಪುಟದ ಒಡಂಬಡಿಕೆಗೆ (ಎಂಒಯು) ಸಹಿಯಾಗುತ್ತದೆ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಘಟನೋತ್ತರ ಅನುಮೋದನೆ ಕೊಡುತ್ತದೆ. "ಪರಸ್ಪರ ಆಸಕ್ತಿಯ ಕ್ಷೇತ್ರಗಳಲ್ಲಿ ಸಹಕಾರ" ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಯಾವ ವಿಷಯ, ಎಷ್ಟು ಮಂದಿ ಎಂಬಂಥ ವಿವರ ಬರೆದಿಡುವ ಅನುಬಂಧ ಇರುವುದಿಲ್ಲ. ಅನುಬಂಧ ಬರೆಯಬೇಕಾದ ವಿಭಾಗದ ಮುಖ್ಯಸ್ಥರಿಗೆ ಸುದ್ದಿ ತಿಳಿಯುವುದು ಪತ್ರಿಕೆಯಿಂದ. ಕುಲಪತಿಗಳ ಅವಧಿ ನಾಲ್ಕು ವರ್ಷ, ಒಡಂಬಡಿಕೆಯದು ಬಹುಪಾಲು ಐದು ವರ್ಷ; ಹೊಸಬರು ಬಂದಾಗ ಹಳೆಯದಕ್ಕೆ ವಾರಸುದಾರರಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮಾನದಂಡ ಕೇಳುವುದು ಚಾಲ್ತಿಯಲ್ಲಿರುವ ಒಡಂಬಡಿಕೆಗಳನ್ನೇ. ಆದರೆ ವರ್ಷಕ್ಕೊಂದು ಆನ್‌ಲೈನ್ ಉಪನ್ಯಾಸ ಮಾಡಿಸಿ ಫೋಟೊ ಲಗತ್ತಿಸಿದರೂ ಚಾಲ್ತಿಯಲ್ಲಿದೆ ಎಂದು ತೋರಿಸಬಹುದು.

ಇನ್ನು ಕ್ರೆಡಿಟ್ ಲೆಕ್ಕ. ಯೂರೋಪಿನಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದಕ್ಕೆ 25ರಿಂದ 30 ಗಂಟೆಯ ಕಲಿಕೆ. ಪಾಠ, ಓದು, ಪರೀಕ್ಷೆಯ ತಯಾರಿ ಎಲ್ಲ ಸೇರಿ. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40 ಕ್ರೆಡಿಟ್, 1,200 ಗಂಟೆ. ಗಂಟೆಗೆ ಗಂಟೆ ಹೊಂದಿಸಲು ಹೋದರೆ ಜಗಳವಾಗುತ್ತದೆ, ಏಕೆಂದರೆ ಅವರ ವರ್ಷ 1,500 ಗಂಟೆಯಿಂದ ಮೇಲಿದೆ. ವರ್ಷಕ್ಕೆ ವರ್ಷ ಹೊಂದಿಸಿದರೆ ಸುಲಭ: ನಮ್ಮ ಒಂದು ಕ್ರೆಡಿಟ್‌ಗೆ ಅವರ ಒಂದೂವರೆ. ನಮ್ಮ ನಾಲ್ಕು ಕ್ರೆಡಿಟ್ ಪತ್ರಿಕೆ ಅವರ ಆರು ಕ್ರೆಡಿಟ್ ಮಾಡ್ಯೂಲ್. ಈ ಒಂದು ಸಾಲನ್ನು ಅನುಬಂಧದಲ್ಲಿ ಬರೆದಿಟ್ಟರೆ ಮುಂದಿನ ಅರ್ಧ ಪತ್ರವ್ಯವಹಾರ ಉಳಿಯುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಮೂರು ದಾರಿ ತೆರೆದಿದೆ. ಟ್ವಿನ್ನಿಂಗ್‌ನಲ್ಲಿ ಶೇ. 30ರವರೆಗಿನ ಕ್ರೆಡಿಟ್ ಹೊರಗೆ ಗಳಿಸಬಹುದು, ಪದವಿ ನಮ್ಮದೇ. ಜಂಟಿ ಪದವಿಯಲ್ಲಿ ಎರಡೂ ಕಡೆ ಕನಿಷ್ಠ ಶೇ. 30 ಆಗಬೇಕು, ಪ್ರಮಾಣಪತ್ರ ಒಂದೇ. ಡ್ಯುಯಲ್ ಪದವಿಯಲ್ಲಿ ಕನಿಷ್ಠ ಶೇ. 30 ನಮ್ಮಲ್ಲಿ ಆಗಬೇಕು, ಎರಡೂ ಕಡೆಯವರು ಒಟ್ಟಿಗೇ ಬೇರೆ ಬೇರೆ ಪದವಿ ಕೊಡುತ್ತಾರೆ. ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕವಿರುವ ಅಥವಾ ಕೇಂದ್ರದ ರ‍್ಯಾಂಕಿಂಗ್ ಪಟ್ಟಿಯಾದ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ವಿಭಾಗದಲ್ಲಿ ಮೊದಲ ನೂರರೊಳಗಿರುವ ಸಂಸ್ಥೆ, ಕ್ಯೂಎಸ್ ಇಲ್ಲವೇ ಟೈಮ್ಸ್ ಜಾಗತಿಕ ರ‍್ಯಾಂಕಿಂಗ್ ಪಟ್ಟಿಯ ಮೊದಲ ಸಾವಿರದೊಳಗಿನ ವಿದೇಶಿ ಸಂಸ್ಥೆಯ ಜೊತೆ ಯುಜಿಸಿಯ ಪ್ರತ್ಯೇಕ ಒಪ್ಪಿಗೆಗೆ ಕಾಯದೆ ಮುಂದುವರಿಯಬಹುದು. ಒಳ್ಳೆಯ ನಿಯಮವೇ.

ಎಡವುವುದು ಗಣಿತದಲ್ಲಿ. ಎರಡು ವರ್ಷದ ಸ್ನಾತಕೋತ್ತರ ಪದವಿಗೆ 80 ಕ್ರೆಡಿಟ್ ಎಂದುಕೊಂಡರೆ ಶೇ. 30 ಅಂದರೆ 24. ಒಂದು ಸೆಮಿಸ್ಟರ್‌ನಲ್ಲಿ ಸಿಗುವುದು 20. ಅಂದರೆ "ಒಂದು ಸೆಮಿಸ್ಟರ್ ಹೊರಗೆ ಓದಿಸಿ ಜಂಟಿ ಪದವಿ ಕೊಡೋಣ" ಎಂಬ ಜನಪ್ರಿಯ ಯೋಜನೆ ನಾಲ್ಕು ಕ್ರೆಡಿಟ್‌ನಿಂದ ನಿಯಮಕ್ಕೆ ಹೊರಗಾಗುತ್ತದೆ. ಆ ನಾಲ್ಕನ್ನು ಬೇಸಿಗೆಯ ಪ್ರಾಜೆಕ್ಟ್‌ನಿಂದಲೋ ಇನ್ನೊಂದು ಭೇಟಿಯಿಂದಲೋ ತುಂಬಬೇಕು, ಅದರ ವೀಸಾ ಖರ್ಚು ಮೊದಲೇ ಲೆಕ್ಕಕ್ಕೆ ಬಂದಿರುವುದಿಲ್ಲ. ಟ್ವಿನ್ನಿಂಗ್‌ನಲ್ಲಿ ಶೇ. 30 ಮೇಲಿನ ಮಿತಿಯಾದ್ದರಿಂದ ಒಂದು ಸೆಮಿಸ್ಟರ್ ಆರಾಮಾಗಿ ಕೂರುತ್ತದೆ. ಮೊದಲ ಸಲ ಕೈಹಾಕುವ ವಿಶ್ವವಿದ್ಯಾಲಯ ಜಂಟಿ ಪದವಿಯ ಹೊಳಪಿಗೆ ಮರುಳಾಗದೆ ಟ್ವಿನ್ನಿಂಗ್‌ನಿಂದ ಶುರು ಮಾಡಲಿ ಎಂದು ಹೇಳುವುದು ಅದಕ್ಕೇ.

ಅಂಕ ಬದಲಾವಣೆಯದು ಇನ್ನೊಂದು ತೂತು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬರೀ ಪಾಸ್. ಹೊರಗಿನ ಅಂಕವನ್ನು ಇಲ್ಲಿಗೆ ತರಲು ಪರಿಷ್ಕೃತ ಬವೇರಿಯನ್ ಸೂತ್ರವನ್ನು ಬಳಸುತ್ತಾರೆ: ಗರಿಷ್ಠ ಅಂಕದಿಂದ ವಿದ್ಯಾರ್ಥಿಯ ಅಂಕವನ್ನು ಕಳೆದು, ಅದನ್ನು ಗರಿಷ್ಠಕ್ಕೂ ಪಾಸಿನ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸುವುದು. ಹತ್ತಕ್ಕೆ 8 ಸಿಜಿಪಿಎ ಇದ್ದು ಪಾಸಿಗೆ 4 ಬೇಕೆಂದಿದ್ದರೆ 2.0 ಬರುತ್ತದೆ. ಪಾಸಿಗೆ 5 ಎಂದಿದ್ದರೆ ಅದೇ ವಿದ್ಯಾರ್ಥಿಗೆ 2.2. ಅಂಕಪಟ್ಟಿಯ ಹಿಂಬದಿಯಲ್ಲಿ ಪಾಸಿನ ಕನಿಷ್ಠ ಗ್ರೇಡ್ ಪಾಯಿಂಟ್ ಮುದ್ರಿಸಿಲ್ಲದಿದ್ದರೆ ಇಲ್ಲಿನ ಗುಮಾಸ್ತ ತನಗೆ ತೋಚಿದ್ದನ್ನು ಹಾಕಿಕೊಳ್ಳುತ್ತಾನೆ. 2.0 ಎಂಬ ಗಡಿ ಇಟ್ಟಿರುವ ಕಡೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ವಾಪಸ್ ಬರುವಾಗಲೂ ಇದೇ ಸೂತ್ರವನ್ನು ತಿರುಗಿಸಿ ಹಾಕಬಹುದು: ಇಲ್ಲಿನ 1.7, ಪಾಸಿಗೆ 4 ಇರುವ ಪದ್ಧತಿಯಲ್ಲಿ 8.6, ಇಲ್ಲಿನ 2.3 ಅಲ್ಲಿ 7.4. ಈ ಪಟ್ಟಿಯನ್ನು ಅಕಾಡೆಮಿಕ್ ಕೌನ್ಸಿಲ್ ಮೊದಲೇ ಒಪ್ಪಿರಬೇಕು. ವಿದ್ಯಾರ್ಥಿ ಮರಳಿದ ಮೇಲೆ ಸಮಿತಿ ಮಾಡಿದರೆ ರ‍್ಯಾಂಕಿನ ಲೆಕ್ಕ ಕೆಡುತ್ತದೆ, ಯಾರೋ ಒಬ್ಬರು ಕೋರ್ಟಿಗೆ ಹೋಗುತ್ತಾರೆ.

ಕೊನೆಯ ಗಂಟು ಕುಲಸಚಿವ (ಮೌಲ್ಯಮಾಪನ) ಕಚೇರಿಯ ತಂತ್ರಾಂಶದಲ್ಲಿದೆ. ಅದಕ್ಕೆ ಬೇಕಾದದ್ದು ಪತ್ರಿಕೆಯ ಕೋಡ್, ಆಂತರಿಕ ಅಂಕ, ಪರೀಕ್ಷೆಯ ಅಂಕ, ಹಾಜರಾತಿ. ಜರ್ಮನ್ ಅಂಕಪಟ್ಟಿಯಲ್ಲಿರುವುದು ಮಾಡ್ಯೂಲಿನ ಹೆಸರು, ಕ್ರೆಡಿಟ್, ಒಂದೇ ಒಂದು ಗ್ರೇಡ್. ಆಂತರಿಕ ಅಂಕದ ಕಾಲಂ ಖಾಲಿ ಬಿಟ್ಟರೆ ಯಂತ್ರ ಸೊನ್ನೆ ಎಂದು ಓದಿ ಫೇಲು ಮಾಡುತ್ತದೆ ಅಥವಾ ಫಲಿತಾಂಶವನ್ನು ತಡೆಹಿಡಿಯುತ್ತದೆ. ಉದ್ಯೋಗದ ಅರ್ಜಿಯ ದಿನಾಂಕ ದಾಟಿದ ಮೇಲೆ ಕೈಸೇರುವ ಅಂಕಪಟ್ಟಿ ಊಟಕ್ಕಿಲ್ಲದ ಉಪ್ಪಿನಕಾಯಿ. ಮಾಡಬೇಕಾದ್ದು ಇಷ್ಟೇ: "ಹೊರ ಸಂಸ್ಥೆಯಲ್ಲಿ ಗಳಿಸಿದ ಕ್ರೆಡಿಟ್" ಎಂದು ಕೆಲವು ಪ್ರತ್ಯೇಕ ಕೋಡ್‌ಗಳನ್ನು ಸೃಷ್ಟಿಸಿ, ಅವುಗಳಿಗೆ ಆಂತರಿಕ ಅಂಕದ ವಿಭಜನೆ ಇಲ್ಲದಂತೆ ಮಾಡಿ, ಅಂಕಪಟ್ಟಿಯಲ್ಲಿ ಮೂಲ ಕೋರ್ಸಿನ ಹೆಸರನ್ನೇ ಮುದ್ರಿಸುವುದು. ಅಧ್ಯಯನ ಮಂಡಳಿ ಪಠ್ಯಕ್ರಮವನ್ನು ಘಟಕವಾರು ತಾಳೆ ಹಾಕುವ ಹಟವನ್ನೂ ಬಿಡಬೇಕು. ಐದನೇ ಘಟಕ ಅಲ್ಲಿ ಇಲ್ಲ ಎಂದು ಇಡೀ ಕೋರ್ಸನ್ನು ತಿರಸ್ಕರಿಸುವುದಾದರೆ ಹುಡುಗರನ್ನು ಹೊರಗೆ ಕಳಿಸಿದ್ದೇಕೆ?

ಸಂಶೋಧನೆಯ ಕಡೆ ತೊಡಕು ಹಣಕಾಸಿನ ವರ್ಷದ್ದು. ವಿದ್ಯಾರ್ಥಿ, ಸಂಶೋಧಕರ ವಿನಿಮಯಕ್ಕೆ ನೆರವು ಕೊಡುವ ಜರ್ಮನಿಯ ಡಿಎಎಡಿ ಸಂಸ್ಥೆಯ ಹಣ ಡಿಸೆಂಬರ್ 31ಕ್ಕೆ ಮುಗಿಯುವ ವರ್ಷಕ್ಕೆ ಕಟ್ಟುಬಿದ್ದಿದೆ, ನಮ್ಮದು ಮಾರ್ಚ್ 31ಕ್ಕೆ. ಪ್ರಯಾಣದ ಖರ್ಚು ಕಳಿಸುವವರದು, ವಾಸದ ಖರ್ಚು ಕರೆಸಿಕೊಂಡವರದು ಎಂಬುದು ಅನೇಕ ದ್ವಿಪಕ್ಷೀಯ ಯೋಜನೆಗಳ ರೂಢಿ. ಜನವರಿಯಿಂದ ಮಾರ್ಚ್‌ವರೆಗಿನ ಭೇಟಿಯಲ್ಲಿ ಇಲ್ಲಿ ಹೊಸ ವರ್ಷದ ಕಂತು ಇನ್ನೂ ಬಂದಿರುವುದಿಲ್ಲ, ಅಲ್ಲಿ ಹಳೆಯ ಕಂತನ್ನು ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡುವ ಒತ್ತಡ. ಅನುಭವವಿರುವ ತಂಡಗಳು ಭೇಟಿಗಳನ್ನು ಜೂನ್‌ನಿಂದ ನವೆಂಬರ್‌ವರೆಗಿನ ಅವಧಿಗೇ ಹಾಕುತ್ತವೆ. ಎರಡು ದೇಶಗಳ ಎರಡು ಸಮಿತಿಗಳೂ ಬೇರೆ ಬೇರೆಯಾಗಿ ಹೂಂ ಅನ್ನಬೇಕಾದ ಯೋಜನೆಗಳಲ್ಲಿ ಒಂದು ಕಡೆ ಒಪ್ಪಿಗೆಯಾಗಿ ಇನ್ನೊಂದು ಕಡೆ ಬಿದ್ದುಹೋಗುವುದು ಸಾಮಾನ್ಯ. ಫ್ರಾನ್ಸ್ ಮತ್ತು ಭಾರತ 1987ರಲ್ಲೇ ಸೆಫಿಪ್ರಾ ಎಂಬ ಒಂದೇ ಕೇಂದ್ರ ಕಟ್ಟಿಕೊಂಡು, ಒಂದೇ ಪ್ರಸ್ತಾವವನ್ನು ಎರಡೂ ಕಡೆಯವರು ಸೇರಿ ನೋಡುವ ವ್ಯವಸ್ಥೆ ಮಾಡಿಕೊಂಡವು. ಜರ್ಮನರಿಗಿಂತ ಫ್ರೆಂಚರು ಕಚೇರಿ ಕೆಲಸದಲ್ಲಿ ಚುರುಕು ಎಂದು ಯಾರೂ ಹೇಳಲಾರರು, ಆದರೂ ಇದನ್ನು ಅವರು ಸರಿಯಾಗಿ ಮಾಡಿದರು.

ಕರ್ನಾಟಕದಲ್ಲೇ ಅದರ ಹತ್ತಿರದ ಒಂದು ಮಾದರಿ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯೂ ಫ್ರಾನ್ಸಿನ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಐಆರ್‌ಡಿಯೂ ಸೇರಿ ಕಬಿನಿ ಕೊಳ್ಳದಲ್ಲಿ ಎರಡು ಜಲಾನಯನಗಳನ್ನು ಅಳೆಯುತ್ತ ಬಂದಿವೆ. ಬಂಡೀಪುರ ಕಾಡಿನೊಳಗಿನ ಮೂಲೆಹೊಳೆ, ಸುಮಾರು 4 ಚದರ ಕಿಲೋಮೀಟರ್. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ, ಸುಮಾರು 84 ಚದರ ಕಿಲೋಮೀಟರ್, ಬಹುಪಾಲು ಬೇಸಾಯದ ನೆಲ. ಮಳೆ, ಹಳ್ಳದ ಹರಿವು, ಮಣ್ಣಿನ ತೇವ, ರೈತರ ಕೊಳವೆಬಾವಿಗಳ ನೀರಿನ ಮಟ್ಟ, ಇವನ್ನು ವರ್ಷಗಟ್ಟಲೆ ಬಿಡದೆ ಅಳೆದಿದ್ದರಿಂದಲೇ ಕಾಡಿನ ನೆಲ ನೀರನ್ನು ಹೇಗೆ ನಡೆಸಿಕೊಳ್ಳುತ್ತದೆ, ಉಳುವ ನೆಲ ಹೇಗೆ ಎಂದು ಹೋಲಿಸಲು ಸಾಧ್ಯವಾಗಿದೆ. ಇದು ಬಾಳಿಕೆ ಬಂದದ್ದೇಕೆಂದರೆ ಫ್ರೆಂಚ್ ಸಂಶೋಧಕರು ವಾರದ ಭೇಟಿಗೆ ಬರಲಿಲ್ಲ, ಬೆಂಗಳೂರಿನಲ್ಲೇ ವರ್ಷಗಳ ಕಾಲ ನೆಲೆಸಿ ಕೆಲಸ ಮಾಡಿದರು. ಉಪಕರಣ ನೆಲದಲ್ಲಿತ್ತು, ದತ್ತಾಂಶ ಇಬ್ಬರದಾಗಿತ್ತು.

ಮಣ್ಣು, ಗಿಡ, ಸೂಕ್ಷ್ಮಜೀವಿಗಳ ಮಾದರಿಗಳನ್ನು ಹೊರಗೆ ಕಳಿಸುವ ಕೆಲಸವಿದ್ದರೆ 2002ರ ಜೈವಿಕ ವೈವಿಧ್ಯ ಕಾಯ್ದೆ ಎದುರಾಗುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಅನುಮೋದನೆ ಪಡೆದ ಸಹಯೋಗದ ಯೋಜನೆಗೆ ವಿನಾಯಿತಿ ಇದೆ. ಇಲ್ಲದಿದ್ದರೆ ಚೆನ್ನೈನ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಆರೋಗ್ಯ ಸಂಶೋಧನೆಯಾದರೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ. ಇಬ್ಬರು ಪ್ರೊಫೆಸರರ ನಡುವಿನ ಮಿಂಚಂಚೆ ಇದಕ್ಕೆ ಸಾಕಾಗುವುದಿಲ್ಲ. ಯೂರೋಪಿನ 2014ರ ನಿಯಮದಂತೆ, ಮಾದರಿ ಕಾನೂನುಬದ್ಧವಾಗಿ ಬಂದಿದೆಯೇ ಎಂದು ಇಲ್ಲಿನ ಪ್ರಯೋಗಾಲಯವೂ ಖಾತ್ರಿ ಮಾಡಿಕೊಂಡು ಘೋಷಿಸಬೇಕು. ಅನುಮತಿಗೆ ತಿಂಗಳುಗಳು ಹಿಡಿಯುತ್ತವೆ, ಮೂರು ವರ್ಷದ ಯೋಜನೆಯಲ್ಲಿ ಮೊದಲ ವರ್ಷ ಹೀಗೇ ಸೋರಿಹೋಗುತ್ತದೆ. ಡಿಎನ್ಎ ತೆಗೆಯುವುದು, ಸೀಕ್ವೆನ್ಸಿಂಗ್ ಮಾಡುವುದು ನಮ್ಮಲ್ಲೇ ಆಗಲಿ ಎಂದು ಪ್ರಸ್ತಾವದಲ್ಲೇ ಬರೆದರೆ ಎಷ್ಟೋ ತಲೆನೋವು ತಪ್ಪುತ್ತದೆ, ಆ ಕೌಶಲವೂ ಅಲ್ಲೇ ಉಳಿಯುತ್ತದೆ.

ಇಷ್ಟಾದರೂ ಇಲ್ಲಿನವರೆಲ್ಲ ಸರಿ ಎಂದು ಹೇಳಲಾರೆ. ಯೂರೋಪಿನ ಸಂಶೋಧನಾ ಅನುದಾನದ ಹೊರೈಝನ್ ಯೋಜನೆಯಲ್ಲಿ ಭಾರತದ ಸಂಸ್ಥೆಗೆ ತಾನಾಗಿಯೇ ಹಣ ಸಿಗುವುದಿಲ್ಲ. ನಮ್ಮ ಕಡೆಯ ಇಲಾಖೆ ಪ್ರತ್ಯೇಕವಾಗಿ ಕೊಡಬೇಕು. ಪ್ರಶ್ನೆ ರೂಪಿಸುವವರು ಇಲ್ಲಿ, ಹೊಲದಲ್ಲಿ ನಿಂತು ಅಳೆಯುವವರು ಅಲ್ಲಿ ಎಂಬ ಹಳೆಯ ವಿಂಗಡಣೆ ಹೀಗೆ ಗಟ್ಟಿಯಾಗುತ್ತದೆ. ಶುಲ್ಕ ವಿನಾಯಿತಿಯನ್ನು ಜರ್ಮನ್ ವಿಶ್ವವಿದ್ಯಾಲಯಗಳು ದೊಡ್ಡ ಉಡುಗೊರೆಯಂತೆ ಮುಂದಿಡುತ್ತವೆ. ಇಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ನಮ್ಮ ವಿದ್ಯಾರ್ಥಿಯನ್ನು ತಡೆಯುವುದು ವೀಸಾಕ್ಕಾಗಿ ಖಾತೆಯಲ್ಲಿ ತೋರಿಸಬೇಕಾದ ತಿಂಗಳಿಗೆ 992 ಯೂರೊ. ಆರು ತಿಂಗಳಿಗೆ ಸುಮಾರು 6,000 ಯೂರೊ, ಅದೂ ಹೊರಡುವ ಮುನ್ನವೇ. ಮಾತುಕತೆಯಲ್ಲಿ ಕೇಳಬೇಕಾದದ್ದು ವಸತಿನಿಲಯದ ಕೋಣೆ ಮತ್ತು ಮಾಸಿಕ ಭತ್ಯೆ. ನಮ್ಮವರು ಶುಲ್ಕ ವಿನಾಯಿತಿಗೆ ಧನ್ಯವಾದ ಹೇಳಿ ಎದ್ದುಬಿಡುತ್ತಾರೆ.

ಎದುರು ದಿಕ್ಕಿನಲ್ಲಿ ಇಲ್ಲಿಂದ ಅಲ್ಲಿಗೆ ಯಾರೂ ಬರುವುದಿಲ್ಲ ಎಂಬ ದೂರೂ ಇದೆ. ಬರಬೇಕಾದರೆ ಆರು ತಿಂಗಳ ಮುಂಚೆ ಕೋರ್ಸುಗಳ ಪಟ್ಟಿ, ಕ್ರೆಡಿಟ್, ಪರೀಕ್ಷೆಯ ದಿನಾಂಕ ಜಾಲತಾಣದಲ್ಲಿ ಇರಬೇಕು, ಏಕೆಂದರೆ ಕಲಿಕಾ ಒಪ್ಪಂದಕ್ಕೆ ಆ ಪಟ್ಟಿಯೇ ಆಧಾರ. 180 ದಿನ ಮೀರಿದ ವೀಸಾದ ಮೇಲೆ ಬಂದವರು 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ (ಎಫ್‌ಆರ್‌ಆರ್‌ಒ) ನೋಂದಣಿ ಮಾಡಿಸಬೇಕು, ಅದಕ್ಕೆ ವಿಶ್ವವಿದ್ಯಾಲಯದ ಪ್ರಮಾಣಪತ್ರ ಮತ್ತು ವಾಸದ ದಾಖಲೆ ಬೇಕು. ಹಾಸ್ಟೆಲ್ ವಾರ್ಡನ್‌ಗೆ ಇದು ತಿಳಿದಿರದಿದ್ದರೆ ಮೊದಲ ಎರಡು ವಾರ ಕಚೇರಿ ಅಲೆಯುವುದರಲ್ಲೇ ಹೋಗುತ್ತದೆ, ಆ ವಿದ್ಯಾರ್ಥಿ ಇಲ್ಲಿಗೆ ಮರಳಿ ಬರೆಯುವ ವರದಿಯನ್ನು ಮುಂದಿನ ವರ್ಷ ಅರ್ಜಿ ಹಾಕುವವರೆಲ್ಲ ಓದುತ್ತಾರೆ.