ನಾಲ್ಕು ಸೆಲ್ಲು

ಬುಧವಾರ ರಾತ್ರಿ ಊಟ ಮುಗಿಸಿ ಕೈ ತೊಳೆಯುವಾಗ ಶಾರ್ಜಾದಿಂದ ಒಂದು ಫೋಟೊ ಬಂತು. ಹಳೆ ಸಾಮಾನಿನ ಅಂಗಡಿಯ ಗಾಜಿನ ಕಪಾಟು. ಒಳಗೆ ಸಾಲಾಗಿ ಆರು ಆಟದ ಯಂತ್ರ, ಎಲ್ಲವೂ ಅಂಗೈ ಗಾತ್ರದವು. ಕೆಳಗೆ ಒಂದೇ ಸಾಲು: “ಯಾವ್ದು ಬೇಕು ಹೇಳು, ಶುಕ್ರವಾರ ಹೊರಡ್ತೇನೆ.”

ಕಳಿಸಿದವನು ಕನ್ನಡ ಮೀಡಿಯಮ್ಮಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಹೋದ ಸಲ ರಜೆಗೆ ಬಂದಾಗ ಚಾ ಕುಡಿಯುತ್ತಾ ಸುಮ್ನೆ ಬಾಯಿಮಾತಿಗೆ ಹೇಳಿದ್ದೆ, “ನಿಮ್ಮಲ್ಲಿದ್ದ ಆ ಗೇಮ್ ಬಾಯ್ ಇನ್ನೊಮ್ಮೆ ಆಡಬೇಕು ಮಾರಾಯ.” ಗಲ್ಫಿನವರ ಎದುರು ಇಂಥದ್ದು ಬೇಕು ಅಂತ ಬಾಯಿ ಬಿಡಬಾರದು. ತಂದೇ ಬಿಡುತ್ತಾರೆ.

ಆ ಗೇಮ್ ಬಾಯ್ ಅವನ ಅಪ್ಪ ತಂದದ್ದು. ಊರಿಗೆಲ್ಲ ಅವರು ಇಚ್ಚ. 1991ರಲ್ಲಿ ರಜೆಗೆ ಬಂದಿದ್ದರು. ಹಿಂದಿನ ವರ್ಷವಷ್ಟೇ ಕುವೈತಿನಿಂದ ಉಟ್ಟ ಬಟ್ಟೆಯಲ್ಲಿ ಓಡಿ ಬಂದವರ ಕಥೆಗಳನ್ನು ಕೇಳಿದ್ದ ನಮಗೆ, ಇಚ್ಚ ಪೆಟ್ಟಿಗೆ ಸಮೇತ ಬಂದದ್ದೇ ದೊಡ್ಡ ಸಮಾಧಾನ. ರಟ್ಟಿನ ಪೆಟ್ಟಿಗೆಗೆ ಸುತ್ತಿದ ನೈಲಾನ್ ಹಗ್ಗ ಬಿಚ್ಚುವಾಗ ನೆರೆಕರೆಯ ಮಕ್ಕಳೆಲ್ಲ ಸುತ್ತ ಇದ್ದೆವು. ಅತ್ತರು, ಹಾಲಿನ ಹುಡಿಯ ಡಬ್ಬ, ಕೊಡಲಿ ಚಿತ್ರದ ತಲೆನೋವಿನ ಎಣ್ಣೆ, ಉದ್ದದ ಟಾರ್ಚು. ಅದರ ನಡುವೆ ಬೂದು ಬಣ್ಣದ ಒಂದು ಇಟ್ಟಿಗೆ. ಪಾಚಿ ಹಸಿರಿನ ಪರದೆ, ಎಡಕ್ಕೆ ಕೂಡಿಸುವ ಗುರ್ತಿನ ಹಾಗಿನ ಕಪ್ಪು ಗುಂಡಿ, ಬಲಕ್ಕೆ ಪುನರ್ಪುಳಿ ಬಣ್ಣದ ಎರಡು ಗುಂಡಿ.

ಒಬ್ಬನಿಗೆ ಒಂದು ಆಟ, ಸೋತರೆ ದಾಟಿಸಬೇಕು. ಇದು ಕಾನೂನು. ನಾನು ಎರಡೇ ನಿಮಿಷದಲ್ಲಿ ಸೋಲುತ್ತಿದ್ದೆ. ಮತ್ತೆ ಸರದಿ ಬರಲು ಅರ್ಧ ಗಂಟೆ. ಅವನ ತಂಗಿ ಆಡಲು ಕೂತರೆ ಅದೂ ಇಲ್ಲ, ಅವಳು ಸೋಲುತ್ತಲೇ ಇರಲಿಲ್ಲ. ಪರದೆಯ ಎಡಗಡೆ ಕೆಂಪು ದೀಪ ಮಂಕಾಗುತ್ತಾ ಬಂದರೆ ಸೆಲ್ಲು ಮುಗಿಯಿತು ಎಂದು ಅರ್ಥ, ಎಲ್ಲರೂ ಮನೆಗೆ. ಒಟ್ರಾಶಿ ಆ ಇಡೀ ರಜೆಯಲ್ಲಿ ನಾನು ಆಡಿದ್ದು ಒಂದು ಗಂಟೆಯೂ ಇರಲಿಕ್ಕಿಲ್ಲ. ಈಗ ನಲವತ್ತಾರು ವರ್ಷದ ಕನ್ನಡ ಮಾಷ್ಟ್ರು, ಆ ಬಾಕಿ ವಸೂಲಿಗೆ ಹೊರಟಿದ್ದೇನೆ.

ಆದರೆ ಆರರಲ್ಲಿ ಯಾವುದು? ನನಗೆ ಒಂದು ದಿನ ಸಮಯ. ಹೆಣ್ಣು ನೋಡಲು ಹೋದಾಗಲೂ ಇದಕ್ಕಿಂತ ಜಾಸ್ತಿ ಕೊಟ್ಟಿದ್ದರು.

ಮಂಗಳೂರಲ್ಲಿ ಓದುವ ಅಕ್ಕನ ಮಗನಿಗೆ ಫೋಟೊ ದಾಟಿಸಿದೆ. “ಮಾವ, ಇದೆಲ್ಲ ಫೋನಿನಲ್ಲೇ ಆಡಬಹುದಲ್ಲ?” ಅಂದ. ಆಡಬಹುದು. ಆದರೆ ಫೋನಿನಲ್ಲಿ ಆಡುತ್ತಿದ್ದರೆ ನಡುವೆ ಶಾಲೆಯ ಗ್ರೂಪಿನ ಮೆಸೇಜು ಬರುತ್ತದೆ. ಗಾಜನ್ನು ಉಜ್ಜಿದರೆ ಗುಂಡಿ ಒತ್ತಿದ ಹಾಗೂ ಆಗುವುದಿಲ್ಲ. “ಹಾಗಾದ್ರೆ ಚೀನಾದ್ದು ಬರ್ತದೆ, ಒಂದರಲ್ಲೇ ಸಾವಿರಾರು ಆಟ” ಅಂದ. ಆ ಲೆಕ್ಕ ನನಗೆ ಹಳತು. ಕುಂಬಳೆ ಜಾತ್ರೆಯ ಸಂತೆಯಲ್ಲಿ ಒಮ್ಮೆ ಅಪ್ಪನನ್ನು ಕಾಡಿಸಿ ಬ್ರಿಕ್ ಗೇಮ್ ಕೊಂಡಿದ್ದೆ. ಮೇಲೆ 9999 ಆಟ ಎಂದು ಬರೆದಿತ್ತು. ಒಳಗೆ ಇದ್ದದ್ದು ಕೈಬೆರಳಲ್ಲಿ ಎಣಿಸುವಷ್ಟು. ಅದನ್ನೇ ಸ್ವಲ್ಪ ಬೇಗ, ಸ್ವಲ್ಪ ನಿಧಾನ ಓಡಿಸಿ ಬೇರೆ ಬೇರೆ ಆಟ ಎಂದು ಎಣಿಸಿದ್ದರು.

ಹಾಗಾಗಿ ಮತ್ತೆ ಗಾಜಿನ ಕಪಾಟಿಗೇ ಬಂದೆ. ಬಲತುದಿಯಲ್ಲಿದ್ದದ್ದು ಸೋನಿ ಕಂಪನಿಯ ಪಿಎಸ್‌ಪಿ. 2004ರದ್ದು, ನೋಡಲು ಬಹಳ ಚಂದ. ಆದರೆ ಅದರ ಹಳೆ ಬ್ಯಾಟರಿಗಳು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬುತ್ತವೆ. ಬೇಡ. ಅದರ ಪಕ್ಕ ಸೆಗಾ ಕಂಪನಿಯ ಗೇಮ್ ಗಿಯರ್, 1990ರದ್ದು. ಬಣ್ಣದ ಪರದೆ, ಒಳಗೇ ಬೆಳಕು. ಆಗ ಇದನ್ನು ಕಂಡಿದ್ದರೆ ನಾವು ಮೂರ್ಛೆ ಹೋಗುತ್ತಿದ್ದೆವು. ಆದರೆ ಆರು ಸೆಲ್ಲು ನುಂಗಿ ಮೂರು ನಾಲ್ಕು ಗಂಟೆಗೆ ಮಲಗುತ್ತದೆ. ಸಾಲದ್ದಕ್ಕೆ ಒಳಗಿನ ಕೆಪಾಸಿಟರುಗಳು ಸೋರಿ ಶಬ್ದ ಹೋಗುವುದು, ಪರದೆ ಮಸುಕಾಗುವುದು ಅದರ ಹುಟ್ಟುಗುಣ. ಕೊಂಡ ಮರುದಿನವೇ ರಿಪೇರಿಯವನನ್ನು ಹುಡುಕಬೇಕು.

ಉಳಿದ ನಾಲ್ಕೂ ಜಪಾನಿನ ನಿಂಟೆಂಡೊ ಕಂಪನಿಯ ಒಂದೇ ವಂಶದವು. ಹಿರಿಯ ಬೂದು ಗೇಮ್ ಬಾಯ್, 1989. ಅದನ್ನೇ ಇಳಿಸಿ ಸಪುರ ಮಾಡಿದ ಪಾಕೆಟ್, 1996. ಬಣ್ಣ ಬಂದ ಕಲರ್, 1998. ಮತ್ತೆ ಪುಸ್ತಕದ ಹಾಗೆ ಮಡಚುವ ಅಡ್ವಾನ್ಸ್ ಎಸ್‌ಪಿ, 2003. ಬುದ್ಧಿ ಇರುವ ಯಾರೇ ಆದರೂ ಕೊನೆಯದನ್ನು ಆರಿಸುತ್ತಾರೆ. ಹಿಂದಿನ ಮೂರರ ಆಟಗಳೂ ಅದರಲ್ಲಿ ನಡೆಯುತ್ತವೆ. ಸ್ವಂತ ಬೆಳಕಿದೆ. ಚಾರ್ಜಿಗೆ ಇಟ್ಟರಾಯಿತು. ಅಳಿಯನೂ ಅದಕ್ಕೇ ಓಟು ಹಾಕಿದ. ಇಯರ್‌ಫೋನಿನ ತೂತು ಇಡಲು ಮಾತ್ರ ಕಂಪನಿ ಮರೆಯಿತು, ಅಥವಾ ಮರೆತ ಹಾಗೆ ಮಾಡಿತು.

ನನಗೆ ಅಡ್ಡ ಬಂದದ್ದು ಆ ಬೆಳಕೇ. ಬೆಳಕಿದ್ದರೆ ರಾತ್ರಿ ಹೊದಿಕೆಯೊಳಗೆ ಆಡುತ್ತೇನೆ. ನನ್ನ ಗುಣ ನನಗೆ ಗೊತ್ತು. ಬೆಳಿಗ್ಗೆ ಮೊದಲ ಪಿರಿಯಡ್ಡಿನಲ್ಲಿ ಮಕ್ಕಳಿಗೆ ಸಂಧಿ ಹೇಳಿಕೊಡುವಾಗ ಆಕಳಿಸುತ್ತೇನೆ. ಬೂದು ಇಟ್ಟಿಗೆಗೆ ಸ್ವಂತ ಬೆಳಕಿಲ್ಲ. ಜಗಲಿಯ ಅಂಚಿಗೆ ಬಂದು ಬಿಸಿಲಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ, ಬಿಸಿಲು ಜೋರಾದಷ್ಟೂ ಚೆನ್ನಾಗಿ ಕಾಣುತ್ತದೆ. ಇದನ್ನು ಕೊರತೆ ಅಂತಲೇ ಎಲ್ಲರೂ ಹೇಳಿದ್ದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಆಟಿ ತಿಂಗಳಲ್ಲಿ ಹಗಲಿಗೂ ಲೈಟು ಹಾಕುವ ನಮ್ಮ ಊರಿನವರಂತೂ ಹೇಳಲೇಬೇಕು. ಆದರೆ ಜನವರಿಯಿಂದ ಮೇ ತನಕ ಅಂಗಳದಲ್ಲಿ ಅಡಿಕೆ ಒಣಗಲು ಹಾಕಿರುತ್ತದೆ. ರಜಾದಿನಗಳಲ್ಲಿ ಅದಕ್ಕೆ ಕಾವಲು ನಾನೇ. ಕಣ್ಣು ಕುಕ್ಕುವ ಆ ಬಿಸಿಲಿನಲ್ಲಿ ಫೋನಿನ ಪರದೆ ಕಪ್ಪು ಕನ್ನಡಿ. ಬೂದು ಇಟ್ಟಿಗೆ ಮಾತ್ರ ಅರಳುತ್ತದೆ. ಯಂತ್ರ ಆರಿಸುವಾಗ ಅದರ ಗುಣಕ್ಕಿಂತ ಯಾವ ದೋಷ ನಮ್ಮ ಜಗಲಿಗೆ ಹೊಂದುತ್ತದೆ ಎಂದು ನೋಡಬೇಕೋ ಏನೋ.

ಇದನ್ನು ಮಾಡಿದ ತಂಡದ ಹಿರಿಯ ಗುನ್ಪೇ ಯೋಕೋಯಿಯ ಯೋಚನೆಯೂ ಇದೇ ದಾರಿಯದ್ದು. ಆತ ಒಮ್ಮೆ ಜಪಾನಿನ ಬುಲೆಟ್ ರೈಲಿನಲ್ಲಿ ಹೋಗುವಾಗ, ಬೇಸರ ಬಂದ ಪ್ರಯಾಣಿಕನೊಬ್ಬ ಕ್ಯಾಲ್ಕುಲೇಟರಿನ ಗುಂಡಿ ಸುಮ್ನೆ ಒತ್ತುತ್ತಾ ಕೂತದ್ದನ್ನು ಕಂಡನಂತೆ. ಅದರಿಂದ 1980ರಲ್ಲಿ ಗೇಮ್ ಆಂಡ್ ವಾಚ್ ಎಂಬ ಪುಟ್ಟ ಆಟ ಹುಟ್ಟಿತು. ಆಮೇಲೆ ಗೇಮ್ ಬಾಯ್. ಹೊಸದಾಗಿ ಬಂದ ದುಬಾರಿ ವಸ್ತುವಿನ ಹಿಂದೆ ಓಡಬೇಡ, ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನೇ ಬೇರೆ ಕಡೆಗೆ ತಿರುಗಿಸು ಎನ್ನುವುದು ಅವನ ಪಾಠ. ಹಲಸಿನ ಹಣ್ಣು ತಿಂದು, ಬೇಳೆಗೆ ಮಣ್ಣು ಮೆತ್ತಿ ಮಳೆಗಾಲದ ಪದಾರ್ಥಕ್ಕೆ ಎತ್ತಿಡುವ ನಮ್ಮ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ ಬಿಟ್ಟ, ಬೆಳಕು ಬಿಟ್ಟ, ನಾಲ್ಕು ಸೆಲ್ಲಿನಲ್ಲಿ ಹದಿನೈದು ಗಂಟೆಯ ಹಾಗೆ ನಡೆಯುವಂತೆ ಮಾಡಿದ. ಬಣ್ಣದವರೆಲ್ಲ ಸೋತರು. ಇದು, ಇದರ ಬಣ್ಣದ ತಮ್ಮನೂ ಸೇರಿ, ಹನ್ನೊಂದು ಕೋಟಿಗೂ ಜಾಸ್ತಿ ಹೋಯಿತು.

ಗಟ್ಟಿ ಅಂದರೂ ಗಟ್ಟಿ. ಕೊಲ್ಲಿ ಯುದ್ಧದಲ್ಲಿ ಬಾಂಬು ಬಿದ್ದ ಸೈನಿಕರ ಬಿಡಾರದಲ್ಲಿ ಒಂದು ಗೇಮ್ ಬಾಯ್ ಸುಟ್ಟು ಕರಗಿತ್ತು. ಒಳಗೆ ಜೀವ ಇತ್ತು. ನ್ಯೂಯಾರ್ಕಿನ ನಿಂಟೆಂಡೊ ಅಂಗಡಿಯಲ್ಲಿ ಅದನ್ನು ವರ್ಷಗಟ್ಟಲೆ ಚಾಲೂ ಇಟ್ಟು ತೋರಿಸುತ್ತಿದ್ದರು. ಯಾವ ಆಟ ಓಡುತ್ತಿತ್ತು? ಟೆಟ್ರಿಸ್.

ಅಲ್ಲಿಗೆ ಆಟದ ಆಯ್ಕೆಯೂ ಹತ್ತಿರ ಬಂತು. ಪೋಕೆಮಾನ್ ಆಡು ಎಂದು ಅಳಿಯ. ಅದು ದೊಡ್ಡ ಸಂಸಾರ, ನೂರೈವತ್ತೊಂದು ಪ್ರಾಣಿ ಹಿಡಿದು ಸಾಕಬೇಕು. ಅದರ ಕಾರ್ಟ್ರಿಜ್ಜಿನೊಳಗೆ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ಬಿಲ್ಲೆಯೊಳಗೆ, ಒಂದು ಗುಂಡು ಸೆಲ್ಲು ಇರುತ್ತದೆ. ಅದು ಸತ್ತ ದಿನ ಸಾಕಿದ್ದೆಲ್ಲ ನಾಪತ್ತೆ. ಹಟ್ಟಿಯಲ್ಲಿ ಎರಡು ದನ ಸಾಕಿಯೇ ಸುಸ್ತಾಗಿದೆ. ಸೂಪರ್ ಮಾರಿಯೋ ಲ್ಯಾಂಡಿನಲ್ಲಿ ಹನ್ನೆರಡೇ ಹಂತ, ಕೈ ಪಳಗಿದವರು ಅರ್ಧ ಗಂಟೆಗೆ ಮುಗಿಸುತ್ತಾರೆ. ಟೆಟ್ರಿಸ್ ಮುಗಿಯುವುದಿಲ್ಲ. ನಾವೇ ಮುಗಿಯುವುದು.

ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಅದನ್ನು ಹೆಣೆದದ್ದು 1984ರಲ್ಲಿ. ಕಣ್ಣೂರಿನಿಂದ ಬಿಡಿಸಿ ಕಾಸರಗೋಡನ್ನು ಜಿಲ್ಲೆ ಮಾಡಿದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧ ಇಲ್ಲ ಎಂದು ನನಗೂ ಗೊತ್ತು. ಆದರೆ ಮುರಕಲ್ಲಿನ ಗೋಡೆ ನೋಡುತ್ತಾ ಬೆಳೆದವರಿಗೆ ಈ ಆಟ ಹೊರಗಿನದು ಅನ್ನಿಸುವುದಿಲ್ಲ. ನಾಲ್ಕು ನಾಲ್ಕು ಚೌಕ ಸೇರಿದ ಏಳು ನಮೂನೆಯ ತುಂಡುಗಳು ಮೇಲಿನಿಂದ ಇಳಿಯುತ್ತವೆ. ಕಲ್ಲುಕೋರೆಯ ಲಾರಿ ಅಂಗಳದಲ್ಲಿ ಸುರಿದ ಹಾಗೆ. ಅಡ್ಡ ಇಡುವುದೋ, ಕುತ್ತ ಇಡುವುದೋ? ನಮ್ಮ ಮೇಸ್ತ್ರಿ ಕಲ್ಲನ್ನು ಕೈಯಲ್ಲೇ ಒಮ್ಮೆ ತಿರುಗಿಸಿ ನೋಡಿ ಸಂದಿಗೆ ಕೂರಿಸುವುದನ್ನು ಕಂಡವರಿಗೆ ಆ ಗುಂಡಿ ಯಾಕಿದೆ ಎಂದು ಹೇಳಬೇಕಿಲ್ಲ. ಒಂದೇ ವ್ಯತ್ಯಾಸ. ಇಲ್ಲಿ ಸಾಲು ತುಂಬಿದರೆ ಗೋಡೆಯೇ ಮಾಯ. ಮೇಸ್ತ್ರಿಗೆ ಹೀಗಾದರೆ ಸಂಬಳ ಯಾರು ಕೊಡುತ್ತಾರೆ?

“ಬೂದು, ಟೆಟ್ರಿಸ್” ಎಂದು ಗುರುವಾರ ರಾತ್ರಿ ಬರೆದೆ. “ನನಗೆ ಗೊತ್ತಿತ್ತು. ಮಧ್ಯಾಹ್ನವೇ ತಗೊಂಡಾಯ್ತು” ಎಂದು ಉತ್ತರ ಬಂತು.

ಆದಿತ್ಯವಾರ ಮನೆಗೇ ತಂದು ಕೊಟ್ಟ. ಹಣದ ಮಾತೆತ್ತಿದರೆ ಬಯ್ದ. ನಾವು ಚಿಕ್ಕಂದಿನಲ್ಲಿ ಕಾರ್ಟ್ರಿಜ್ಜಿನ ಬಾಯಿಗೆ ಊದುತ್ತಿದ್ದೆವಲ್ಲ, ಹಾಗೆ ನಾನು ಊದಲು ಹೊರಟರೆ ಕೈ ಹಿಡಿದ. ಉಸಿರಿನ ತೇವಕ್ಕೆ ಒಳಗಿನ ಲೋಹ ಕಿಲುಬು ಹಿಡಿಯುತ್ತದಂತೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕಂತೆ. ಹಿಂಬದಿಯ ಮುಚ್ಚಳ ತೆಗೆದರೆ ನಾಲ್ಕು ಗೂಡೂ ಖಾಲಿ. ಗೋಡೆ ಗಡಿಯಾರದ್ದು ಒಂದು, ಟಾರ್ಚಿನದ್ದು ಎರಡು ಬಿಚ್ಚಿ ನೋಡಿದೆ. ಒಂದು ಕಮ್ಮಿ. ಅವನನ್ನು ಜಗಲಿಯಲ್ಲಿ ಕೂರಿಸಿ ಅಂಗಡಿಗೆ ನಡೆದೆ.

ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ.

“ಪೆನ್‌ಟಾರ್ಚಿನ ಸೆಲ್ಲು, ನಾಲ್ಕು.”

“ನಾಲ್ಕು ಯಾಕೆ ಮಾಷ್ಟ್ರೇ?”

“ಗಡಿಯಾರಕ್ಕೆ.”

“ಗಡಿಯಾರಕ್ಕೆ ಒಂದು ಸಾಕಲ್ಲ?”

“ನಮ್ಮಲ್ಲಿ ನಾಲ್ಕು ಗಡಿಯಾರ ಉಂಟು” ಅಂದೆ.