ಹನ್ನೆರಡೂವರೆ ಪಲ

ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಈಗಲೂ ಹತ್ತು ರೂಪಾಯಿಯೇ. ಒಳಗಿನ ಬಿಸ್ಕತ್ತು ಮಾತ್ರ ಗಿಲಕಿಯ ಹಾಗೆ ಅಲ್ಲಾಡುತ್ತದೆ. ಬೆಲೆ ಏರಿಸಿದ್ದರೆ ಒಂದು ಸಲ ಬೈದು ಸುಮ್ಮನಾಗುತ್ತಿದ್ದೆ. ಬೆಲೆಯನ್ನು ಮುಂದೆ ದಪ್ಪಕ್ಕೆ ಬರೆದು, ಇಳಿಸಿದ ತೂಕವನ್ನು ಹಿಂದೆ ಕನ್ನಡಕಕ್ಕೂ ಕಾಣದಷ್ಟು ಸಣ್ಣಕ್ಕೆ ಬರೆಯುವ ಈ ವಿನಯ ನನಗೆ ಸೇರುವುದಿಲ್ಲ.

ಇಂಥ ಹೊತ್ತಿನಲ್ಲಿ ಬುದ್ಧಿವಂತರು ಎಲ್ಲಾದರೂ ಅರ್ಜಿ ಗುಜರಾಯಿಸುತ್ತಾರೆ. ನಾನು ಕೌಟಿಲ್ಯನ ಅರ್ಥಶಾಸ್ತ್ರ ತೆಗೆದು ಕೂತೆ. ಕೌಟಿಲ್ಯ ಅಂದ ಕೂಡಲೇ ಎಲ್ಲರಿಗೂ ಗೂಢಚಾರರು, ವಿಷಕನ್ಯೆ, ಶತ್ರುವಿನ ಶತ್ರು ನೆನಪಾಗುತ್ತಾರೆ. ಕಂಪನಿಗಳಲ್ಲಿ ಭಾಷಣ ಬಿಗಿಯುವ ಟೈ ಕಟ್ಟಿದ ಮಹನೀಯರಂತೂ ಅವನು ಆಡದ ಮಾತನ್ನೆಲ್ಲ ಅವನ ಬಾಯಿಗೆ ತುರುಕುತ್ತಾರೆ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಆ ತಾಳೆಗರಿಯ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟದ್ದು, ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ತಿದ್ದಿ 1909ರಲ್ಲಿ ಅಚ್ಚು ಹಾಕಿಸಿದ್ದು, ಎಲ್ಲ ಇದಕ್ಕೇನಾ ಅನ್ನಿಸುತ್ತದೆ. ಎರಡನೆಯ ಅಧಿಕರಣದ ಹತ್ತೊಂಬತ್ತನೆಯ ಅಧ್ಯಾಯ ತಕ್ಕಡಿ, ಅಳತೆಪಾತ್ರೆಗಳದ್ದು. ಅದರ ತಂಟೆಗೆ ಇವರಲ್ಲಿ ಯಾರೂ ಹೋಗುವುದಿಲ್ಲ.

ಶುರುವೇನೋ ಚೆನ್ನಾಗಿಯೇ ಇದೆ. ತೂಕದ ಕಲ್ಲುಗಳನ್ನು ಕಬ್ಬಿಣದಲ್ಲಿ ಮಾಡಬೇಕು, ಇಲ್ಲವೇ ಮಗಧ, ಮೇಕಲದ ಶಿಲೆಯಲ್ಲಿ. ನೀರು ತಾಗಿದರೆ ತೂಕ ಹೆಚ್ಚಬಾರದು, ಬಿಸಿಗೆ ಕುಗ್ಗಬಾರದು. ಐದು ಗುಲಗಂಜಿಗೆ ಒಂದು ಸುವರ್ಣಮಾಷ, ಹದಿನಾರು ಮಾಷಕ್ಕೆ ಒಂದು ಸುವರ್ಣ. ಆ ಕಾಲದಲ್ಲಿ ದುಡ್ಡು ಬೇರೆ ತೂಕ ಬೇರೆ ಅಲ್ಲ. ಅಚ್ಚೊತ್ತಿದ ಬೆಳ್ಳಿಯ ನಾಣ್ಯ ಕಾರ್ಷಾಪಣ ಅಂದರೆ ಹೆಚ್ಚುಕಡಿಮೆ 32 ಗುಲಗಂಜಿ ತೂಕದ ಬೆಳ್ಳಿ. ಅಷ್ಟು ದೂರ ಯಾಕೆ, ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯೂ ಒಂದು ತೊಲ ತೂಗುತ್ತಿತ್ತು. ನಮ್ಮ ಕಡೆಯ ಕಚ್ಚಾ ಸೇರು 24 ರೂಪಾಯಿ ತೂಕ, ಪಕ್ಕಾ ಸೇರು 80. ಅಂಗಡಿಯಲ್ಲಿ ಕಲ್ಲು ಕಳೆದುಹೋದರೆ ತಕ್ಕಡಿಗೆ ರೂಪಾಯಿಗಳನ್ನೇ ಸುರಿದು ತೂಗಬಹುದಿತ್ತು. ಇವತ್ತಿನ ಹತ್ತರ ನೋಟನ್ನು ತಕ್ಕಡಿಗೆ ಹಾಕುವುದಾದರೆ ಮೊದಲು ಫ್ಯಾನು ಆರಿಸಬೇಕು.

ಆಮೇಲೆ ಬರುತ್ತದೆ ದ್ರೋಣ. ಮಹಾಭಾರತದ ಆಚಾರ್ಯರಲ್ಲ, ಕಾಳು ಅಳೆಯುವ ಅಳತೆ. ದ್ರೋಣ ಅಂದಮೇಲೆ ಒಂದೇ ಇರಬೇಕಲ್ಲವೇ? ನಾಲ್ಕಿವೆ. ರಾಜನ ಕಣಜಕ್ಕೆ ಧಾನ್ಯ ಬರುವಾಗ ದ್ರೋಣ ಅಂದರೆ 200 ಪಲ; ಪಲ ಅನ್ನುವುದು ಆ ಕಾಲದ ಒಂದು ತೂಕ. ಪೇಟೆಯ ವ್ಯವಹಾರಕ್ಕೆ 187½. ಅರಮನೆಯಿಂದ ಬಟವಾಡೆ ಮಾಡುವಾಗ 175. ಅಂತಃಪುರಕ್ಕೆ ಕೊಡುವಾಗ 162½. ಮೆಟ್ಟಿಲಿಗೆ ಹನ್ನೆರಡೂವರೆ ಪಲ. ಕಣಜದ ದ್ರೋಣದ ಲೆಕ್ಕದಲ್ಲಿ ಅದು ಹದಿನಾರರಲ್ಲಿ ಒಂದು ಪಾಲು. ನಮ್ಮ ಹಿರಿಯರ ಮಾತಿನಲ್ಲಿ ರೂಪಾಯಿಗೆ ಒಂದಾಣೆ.

ಆ ಅಂತಃಪುರದ ದ್ರೋಣದ ಹತ್ತಿರ ನಾನು ನಿಂತುಬಿಟ್ಟೆ. ಬೇರೆ ಕಡೆ ಇದೇ ಪುಸ್ತಕ ಗಂಡಸಿನ ಒಂದು ಊಟಕ್ಕೆ ಒಂದು ಪ್ರಸ್ಥ (ಅದೂ ಒಂದು ಅಳತೆ) ಅಕ್ಕಿ, ಹೆಂಗಸಿಗೆ ಅದರ ಮುಕ್ಕಾಲು ಅನ್ನುತ್ತದೆ. ಸರಿ, ಮುಕ್ಕಾಲೇ ಇರಲಿ, ಅಳತೆಯಾದರೂ ನೆಟ್ಟಗಿರಬೇಡವೇ? ಉಗ್ರಾಣದಿಂದ ಅಕ್ಕಿ ಬಂತು ಅಂದುಕೊಳ್ಳಿ. ಬಾಯಿ ಜೋರಿನ ದಾಸಿಯೊಬ್ಬಳು ಸೆರಗಿನಲ್ಲಿ ಪೇಟೆಯ ಅಳತೆಪಾತ್ರೆ ಮುಚ್ಚಿಟ್ಟುಕೊಂಡು ಬಂದು ಅಳೆದು ನೋಡುತ್ತಾಳೆ. ಕಡಿಮೆ. ಮತ್ತೆ ಅಳೆಯುತ್ತಾಳೆ. ಕಡಿಮೆಯೇ. ಪಟ್ಟದರಸಿಗೆ ಸುದ್ದಿ ಮುಟ್ಟುತ್ತದೆ, ಆ ರಾತ್ರಿ ದೊರೆಗೆ ಊಟ ರುಚಿಸುವುದಿಲ್ಲ, ಬೆಳಗ್ಗೆ ಮಂತ್ರಿಗೆ ಕರೆ ಬರುತ್ತದೆ. ಮಂತ್ರಿ ಕೈಮುಗಿದು, "ದೇವಿಯವರ ದ್ರೋಣ ತುಂಬಿಯೇ ಇದೆಯಲ್ಲ" ಅನ್ನುತ್ತಾನೆ. ಸುಳ್ಳೂ ಅಲ್ಲ. ಕಾಳು ಒಣಗುತ್ತದೆ, ಕಣಜದಲ್ಲಿ ಇಲಿ ತಿನ್ನುತ್ತದೆ ಅಂತ ಪಂಡಿತರು ಅವನ ಪರವಾಗಿ ವಾದ ಹೂಡಬಹುದು. ಇಲಿ ಹೆಂಗಸರ ಪಾಲನ್ನೇ ಹುಡುಕಿಕೊಂಡು ಹೋಗಿ ತಿನ್ನುತ್ತದೆಯೇ?

ನಮ್ಮಜ್ಜಿಗೆ ನಾಲ್ಕು ಪಾತ್ರೆ ಬೇಕಿರಲಿಲ್ಲ. ಒಂದೇ ಹಿತ್ತಾಳೆ ಪಾವಿನಲ್ಲಿ ಎಲ್ಲ ದ್ರೋಣಗಳನ್ನೂ ಸುಧಾರಿಸುತ್ತಿದ್ದಳು. ಕಡ ಕೊಟ್ಟದ್ದು ವಾಪಸು ಬಂದರೆ ಗೋಪುರ ನಿಲ್ಲುವವರೆಗೂ ಪಾವು ತುಂಬಿತು ಅನ್ನುತ್ತಿರಲಿಲ್ಲ. ತಾನು ಕೊಡುವಾಗ ಅಂಗೈಯಿಂದ ತಲೆ ಒರೆಸಿ, ಒರೆಸುವಾಗ ಹೆಬ್ಬೆರಳನ್ನು ಚೂರು ಒಳಗಿಟ್ಟು. ಕಾಳು ಅಳೆಯುವಾಗ ಒಂದು ಅನ್ನದೆ "ಲಾಭ" ಅಂತಲೇ ಶುರು: ಲಾಭ, ಎರಡು, ಮೂರು. ಯಾರಿಗೆ ಲಾಭ ಅಂತ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಇಷ್ಟಾದರೂ ಕೌಟಿಲ್ಯನ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಕಡಿಮೆ ಕೊಡುವುದನ್ನು ಆತ ಅರ್ಧ ಪಲವೂ ಬಿಡದೆ ಬರೆದಿಟ್ಟಿದ್ದಾನೆ, ಅದೂ ಎಲ್ಲ ಒಂದೇ ಗಾತ್ರದ ಅಕ್ಷರದಲ್ಲಿ. ಸಿಟ್ಟು ಬರುವುದು ಮುಂದಿನ ಮಾತಿಗೆ. ವ್ಯಾಪಾರಿಯ ತೂಕ, ಅಳತೆಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದೆ ಸಿಕ್ಕಿಬಿದ್ದರೆ 27¼ ಪಣ ದಂಡ. ಆ ಮುದ್ರೆಗೆಂದು ತೂಕ, ಅಳತೆ ನೋಡಿಕೊಳ್ಳುವ ಅಧಿಕಾರಿ ಪೌತವಾಧ್ಯಕ್ಷನಿಗೆ ದಿನಾ ಒಂದು ಕಾಕಣಿ, ಅಂದರೆ ಚಿಲ್ಲರೆ ಕಾಸು, ಬೇರೆ ಕೊಡಬೇಕು. ಹುರುಳಿ ಮಾರುವವನು ಒಂದೇ ದ್ರೋಣ ಇಟ್ಟುಕೊಂಡು ದಿನಾ ದುಡ್ಡು ತೆರಬೇಕು. ಬಗೆಬಗೆಯ ದ್ರೋಣ ಇಟ್ಟುಕೊಂಡ ಅರಮನೆ ಅವನ ಪಾತ್ರೆಯನ್ನು ಬಗ್ಗಿ ನೋಡುತ್ತದೆ.

ಇದೆಲ್ಲದರಿಂದ ಹಣದ ವಿಚಾರವಾಗಿ ಏನು ತಿಳಿಯುತ್ತದೆ ಅಂತ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಅಧ್ಯಾಯದ ಕೊನೆಯಲ್ಲಿ ತುಪ್ಪ ಬಂತು. ಕಾಸಿದ ತುಪ್ಪಕ್ಕೆ ಮಾರುವವನು 32ರಲ್ಲಿ ಒಂದು ಪಾಲು ಹೆಚ್ಚಿಗೆ ಕೊಡಬೇಕು, ಎಣ್ಣೆಗೆ 64ರಲ್ಲಿ ಒಂದು. ಅದಲ್ಲದೆ ದ್ರವಪದಾರ್ಥ ಯಾವುದೇ ಇರಲಿ, ಅಳತೆಪಾತ್ರೆಗೆ ಅಂಟಿ ಸೋರಿಹೋಗುವುದಕ್ಕೆಂದು 50ರಲ್ಲಿ ಒಂದು ಪಾಲು. ಲೀಟರಿಗೆ 20 ಮಿಲಿ! ನಮ್ಮ ಮನೆಯಲ್ಲಿ ಎಣ್ಣೆ ಪೊಟ್ಟಣದ ಮೂಲೆ ಕತ್ತರಿಸಿ, ಡಬ್ಬಿಗೆ ಬಗ್ಗಿಸಿ, ಕೊನೆಗೆ ಅದನ್ನು ಉದ್ದಕ್ಕೆ ಸೀಳಿ ಬೆರಳಲ್ಲಿ ಬಳಿದರೂ ಅಂಟಿದ್ದು ಅಂಟಿಕೊಂಡೇ ಇರುತ್ತದೆ. ಇದನ್ನು ಯಾರ ಲೆಕ್ಕಕ್ಕೆ ಬರೆಯುವುದು ಅಂತ ಹೆಂಡತಿಯನ್ನು ಕೇಳಿದೆ.

"ಬರೆಯೋದು ಆಮೇಲೆ, ಮೊದಲು ಆ ಕತ್ತರಿ ತೊಳೆದಿಡಿ" ಅಂದಳು.